ಮೂರು ವರ್ಷಕ್ಕೇ ಮುಗಿದ ಓದು

ಪೋತ್ತನೂರು

ರೈಲ್ವೆ ಸಿಗ್ನಲ್‌ಗಳನ್ನು ರಿಪೇರಿ ಮಾಡಿಕೊಂಡೇ ಆಯುಸ್ಸು ಕಳೆದವನು ನಾನು. ನಿವೃತ್ತನಾದ ಮೇಲೂ ಕೊಯಮತ್ತೂರಿನ ಪಕ್ಕದ ಈ ಪೋತ್ತನೂರು ಬಿಟ್ಟಿಲ್ಲ. ರೈಲಿನ ಸದ್ದು ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ. ನಮ್ಮದು ಮಡತ್ತುಕುಳಂ ಕಡೆಯ ಕನ್ನಡದ ಬೇಸಾಯಗಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮವರಲ್ಲಿ ಯಾರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಚಾಮರಾಜನಗರದಿಂದ ಮದುವೆಯಾಗಿ ಬಂದ ನನ್ನ ಹೆಂಡತಿ ಗಂಡನನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿದಳು. ಈ ಬರಹವನ್ನು ಸರಿಮಾಡಿದವಳೂ ಅವಳೇ. ಚೆನ್ನಾಗಿರುವುದೆಲ್ಲ ತನ್ನದು, ತಪ್ಪುಗಳು ಮಾತ್ರ ನನ್ನವು ಎಂದು ಅವಳು ಈಗಾಗಲೇ ತೀರ್ಪು ಕೊಟ್ಟಾಗಿದೆ.

ನನ್ನಂಥವನು ಇಂಗ್ಲೆಂಡಿಗೆ ಹೋಗಬೇಕಾಗಿ ಬಂದದ್ದು ಯಾಳಿನಿಯ ಕಾರಣದಿಂದ. ಯಾಳಿನಿ ನನ್ನ ತಂಗಿ ರುಕ್ಕುವಿನ ಒಬ್ಬಳೇ ಮಗಳು. ತಂಗಿಯ ಗಂಡ, ನನ್ನ ಭಾವ ಕುಪ್ಪುಸಾಮಿ, ಮಡತ್ತುಕುಳಂನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಹುಡುಗಿ ಪ್ಲಸ್ ಟೂನಲ್ಲಿ ಫಿಸಿಕ್ಸ್‌ಗೆ ನೂರಕ್ಕೆ ನೂರು ತೆಗೆದಾಗ ಊರೆಲ್ಲ ಸೇರಿ ಅವಳನ್ನು ಪೀಳಮೇಡಿನ ಎಂಜಿನಿಯರಿಂಗ್ ಕಾಲೇಜಿಗೆ ಕಳಿಸಲು ತೀರ್ಮಾನಿಸಿತು. ಅವಳು ಒಪ್ಪಲಿಲ್ಲ. ತನಗೆ ಬೇಕಾಗಿರುವುದು ಥಿಯರಿಟಿಕಲ್ ಫಿಸಿಕ್ಸ್ ಎಂದಳು. ಅದರಲ್ಲಿ ಪ್ರಾಕ್ಟಿಕಲ್ ಇರುವುದಿಲ್ಲವೇ ಎಂದು ಭಾವ ಕೇಳಿದರು. ಹೆಚ್ಚಿಗೆ ಇರುವುದಿಲ್ಲ, ಕಾಗದ, ಪೆನ್ಸಿಲ್ಲು, ಯೋಚನೆ ಅಷ್ಟೇ ಎಂದಳು. ಯೋಚನೆ ಮಾಡಲು ಇಂಗ್ಲೆಂಡಿಗೆ ಹೋಗಬೇಕೇ ಎಂದು ಅವರು ಒಂದು ವಾರ ಯೋಚನೆ ಮಾಡಿದರು. ಕೊನೆಗೆ ವಿದ್ಯಾರ್ಥಿವೇತನವೂ ಸಿಕ್ಕಿ, ನಾಲ್ಕು ವರ್ಷದ ಕೋರ್ಸಿಗೆ ಅವಳು ಹೊರಟೇಹೋದಳು.

ಮೂರನೇ ವರ್ಷದ ಕೊನೆಯಲ್ಲಿ ಅವಳು ಫೋನ್ ಮಾಡಿದಾಗ ನಾನೂ ಭಾವನ ಕೊಬ್ಬರಿ ಮಂಡಿಯಲ್ಲೇ ಇದ್ದೆ. ಫೋನು ಸ್ಪೀಕರಿನಲ್ಲಿತ್ತು. "ಅಪ್ಪಾ, ನಾಲ್ಕನೇ ವರ್ಷ ಇಲ್ಲ. ಮೂರು ವರ್ಷಕ್ಕೇ ಡಿಗ್ರಿ ಕೊಟ್ಟು ಕಳಿಸ್ತಾರೆ," ಅಂದಳು. ಭಾವ ಮಂಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಸಾರಿದರು, ನಾಲ್ಕು ವರ್ಷದ ಓದನ್ನು ನನ್ನ ಮಗಳು ಮೂರೇ ವರ್ಷದಲ್ಲಿ ಮುಗಿಸಿಬಿಟ್ಟಳು ಎಂದು. ಸಿಪ್ಪೆ ಸುಲಿಯುತ್ತಿದ್ದವರು ಎದ್ದು ನಿಂತರು. ಲಡ್ಡು ತರಲು ಆಳು ಓಡಿದ. ಅತ್ತ ಯಾಳಿನಿ ಇನ್ನೂ ಏನೋ ಹೇಳುತ್ತಿದ್ದಳು, ಈ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ನನಗೂ ಕೇಳಲಿಲ್ಲ. ನಾನು ಲಡ್ಡು ತಿನ್ನುತ್ತಿದ್ದೆ.

ನಮ್ಮಲ್ಲಿ ಹೆಣ್ಣುಮಗುವಿನ ಯಾವ ಶುಭಕ್ಕೂ ತಾಯಿಮಾಮ, ಅಂದರೆ ತಾಯಿಯ ಅಣ್ಣತಮ್ಮ, ಮೊದಲು ಸೀರೆ ಕೊಡಬೇಕು. ಕಿವಿ ಚುಚ್ಚಿದಾಗ ಅವಳು ಕೂತು ಅತ್ತದ್ದು ನನ್ನ ತೊಡೆಯ ಮೇಲೆ. ಹಾಗಾದರೆ ಪದವಿ ಕೊಡುವ ದಿನವೂ ಮಾಮನೇ ಸೀರೆ ತೆಗೆದುಕೊಂಡು ಹೋಗಲಿ ಎಂದು ತೀರ್ಮಾನವಾಯಿತು. ಭಾವನಿಗೆ ಇಂಗ್ಲಿಷ್ ಬರದು, ರುಕ್ಕುವಿಗೆ ವಿಮಾನವೆಂದರೆ ಭಯ. ಹೊರಡುವ ದಿನ ಅವಳು ನನ್ನ ಮನೆಗೆ ಬಂದು ಪೆಟ್ಟಿಗೆಯನ್ನೂ ಕೈಚೀಲವನ್ನೂ ತುಂಬಿದಳು.

ಪೀಳಮೇಡು

ವಿಮಾನ ನಿಲ್ದಾಣದಲ್ಲಿ ಮೊದಲ ಅಪಶಕುನ ನನ್ನ ಕೈಚೀಲದಿಂದಲೇ ಹೊರಬಂತು. ಯಾಳಿನಿ ಹುಟ್ಟಿದ ವರ್ಷ ನೆಟ್ಟ ಮರದ ತೆಂಗಿನಕಾಯಿಯೊಂದನ್ನು ರುಕ್ಕು ನನಗೆ ಹೇಳದೆ ಸೀರೆಯೊಳಗೆ ಸುತ್ತಿಟ್ಟಿದ್ದಳು. ಅದನ್ನು ಯಂತ್ರದಲ್ಲಿ ನೋಡಿದ ಹೆಣ್ಣುಮಗಳು ಬಾಂಬು ಕಂಡ ಹಾಗೆ ಕೈ ಎತ್ತಿದಳು. ಒಳಗೆ ಎಣ್ಣೆಯ ಅಂಶವಿರುತ್ತದೆ, ಬಿಡುವ ಹಾಗಿಲ್ಲ ಎಂದಳು. ಮಡತ್ತುಕುಳಂನವನಿಗೆ ತೆಂಗಿನಕಾಯಿಯ ಪಾಠ ಹೇಳುತ್ತಿದ್ದಾಳಲ್ಲ ಎಂದು ಸಿಟ್ಟು ಬಂತು. ಕೊನೆಗೆ ಕಾಯಿಯನ್ನು ಅವಳಿಗೇ ಕೊಟ್ಟೆ. ಅವಳು ಅದನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ, ಮೇಜಿನ ಮೂಲೆಯಲ್ಲಿ ಜುಟ್ಟು ಮೇಲಾಗಿ ಇಟ್ಟಳು. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಗಲ್ಫಿನಲ್ಲಿ ವಿಮಾನ ಬದಲಿಸಿದ್ದು, ಬಾಗಿಲು ತೆರೆಯಲು ಬಾರದೆ ಶೌಚಾಲಯದೊಳಗೆ ಸಿಕ್ಕಿಕೊಂಡದ್ದು, ಇವನ್ನೆಲ್ಲ ಬರೆಯಬೇಡಿ ಎಂದು ಹೆಂಡತಿ ಹೇಳಿದ್ದಾಳೆ.

ಇಂಗ್ಲೆಂಡ್

ಯಾಳಿನಿ ಇದ್ದದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ. ನಿಲ್ದಾಣದಲ್ಲಿ ಅವಳನ್ನು ಕಂಡು ಬೆಚ್ಚಿದೆ. ಮುಖ ಬಾಡಿ, ಕತ್ತಿನ ಮೂಳೆ ಎದ್ದಿತ್ತು. ಓದಿ ಓದಿ ಸೊರಗಿದ್ದಾಳೆ ಎಂದುಕೊಂಡು ಹೆಮ್ಮೆಪಟ್ಟೆ.

ಅಲ್ಲಿಯ ಜನರ ಬಗ್ಗೆ ಹೇಳಬೇಕು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಪೋತ್ತನೂರಿನಿಂದ ಉಕ್ಕಡಕ್ಕೆ ಹೋಗುವ ನಮ್ಮ ಬಸ್ಸಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದಿರಬೇಕು, ಕೃತಜ್ಞತೆಗೆ ಸಮಯವೆಲ್ಲಿ? ಇವರ ಕಾಲನ್ನು ನೀವು ತುಳಿದರೆ ಇವರೇ ಸಾರಿ ಕೇಳುತ್ತಾರೆ. ಆದರೆ ಯಾರೂ ಯಾರನ್ನೂ ಏನನ್ನೂ ವಿಚಾರಿಸುವುದಿಲ್ಲ. ಪಾರ್ಕಿನ ಬೆಂಚಿನಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ದಾರಿಹೋಕರು ಅವಳಿಗೆ ಮುಜುಗರವಾಗಬಾರದೆಂದು ತಲೆ ತಗ್ಗಿಸಿ ದಾಟಿಹೋದರು. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅವಳ ಅತ್ತೆಯ ಹೆಸರೂ ಬೀದಿಗೆಲ್ಲ ತಿಳಿದಿರುತ್ತಿತ್ತು. ಯಾವುದು ಮೇಲು ಎಂದು ಆ ದಿನ ನನಗೆ ತೋಚಲಿಲ್ಲ.

ಮರುದಿನ ಯಾಳಿನಿ ತನ್ನ ಡಿಪಾರ್ಟ್‌ಮೆಂಟನ್ನು ತೋರಿಸಿದಳು. ಯಂತ್ರಗಳೇ ಇಲ್ಲದ ಕಟ್ಟಡ. ಕಾರಿಡಾರಿನ ಎರಡೂ ಬದಿ ಕಪ್ಪುಹಲಗೆಗಳು, ಅವುಗಳ ಕೆಳಗೆ ಹಳೆಯ ಸೋಫಾಗಳು. ಇಬ್ಬರು ಹುಡುಗರು ಹಲಗೆಯ ಮುಂದೆ ಕೈಕಟ್ಟಿ ನಿಂತಿದ್ದರು. ನಾವು ಹೋಗುವಾಗ ಹೇಗೆ ನಿಂತಿದ್ದರೋ ಕಾಫಿ ಕುಡಿದು ಬರುವಾಗಲೂ ಹಾಗೇ ನಿಂತಿದ್ದರು. ಅವರು ಕೆಲಸ ಮಾಡುತ್ತಿದ್ದಾರೆ ಎಂದಳು ಯಾಳಿನಿ. ಕೆಲವು ಲೆಕ್ಕಗಳ ಸುತ್ತ ಚೌಕ ಎಳೆದು "ಅಳಿಸಬೇಡಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಾಗೆ ಬರೆದದ್ದನ್ನು ಕಸ ಗುಡಿಸುವವರಿಂದ ಹಿಡಿದು ಪ್ರೊಫೆಸರರವರೆಗೆ ಯಾರೂ ಮುಟ್ಟುವುದಿಲ್ಲವಂತೆ. ಬರೆದವರು ಬಂದು ತಾವೇ ಒರೆಸುವವರೆಗೆ, ತಿಂಗಳಾದರೂ, ಅದು ಅಲ್ಲೇ ಇರುತ್ತದಂತೆ.

ನಿನ್ನದು ಎಲ್ಲಿದೆ ಎಂದು ಕೇಳಿದೆ. ಕಾರಿಡಾರಿನ ಕೊನೆಯ ಹಲಗೆಯನ್ನು ತೋರಿಸಿದಳು. ಅದು ಖಾಲಿಯಾಗಿತ್ತು. ಮೊದಲ ವರ್ಷ ಅಲ್ಲಿ ಬರೆದಿದ್ದಳಂತೆ. ಏನು ಬರೆದಿದ್ದೆ ಎಂದಾಗ ಅವಳ ಮುಖಕ್ಕೆ ಹಳೆಯ ಕಳೆ ಬಂತು. ಕಾರಿಡಾರಿನ ನಟ್ಟನಡುವೆ ನಿಂತುಕೊಂಡು ವಿವರಿಸತೊಡಗಿದಳು. ಒಂದು ನಿಯಮ ಮಡತ್ತುಕುಳಂನಲ್ಲೂ ಇಲ್ಲೂ ಒಂದೇ ಆಗಿದ್ದರೆ, ಬರೀ ಅದೊಂದೇ ಕಾರಣಕ್ಕೆ, ಲೋಕದಲ್ಲಿ ಏನೋ ಒಂದು ಎಂದಿಗೂ ನಷ್ಟವಾಗುವುದಿಲ್ಲ, ಕೈಯಿಂದ ಕೈಗೆ ಹೋಗುತ್ತದೆ ಅಷ್ಟೇ ಎಂದಳು. ಅದನ್ನು ಕಾಗದದ ಮೇಲೆ ಕೆಲವೇ ಸಾಲಿನಲ್ಲಿ ತೋರಿಸಬಹುದಂತೆ. ಮೊದಲ ಸಲ ತಾನೇ ಅದನ್ನು ಬಿಡಿಸಿದ ದಿನ ಊಟ ಮಾಡಲು ಮರೆತಿದ್ದಳಂತೆ. ನನಗೆ ಅರ್ಧ ಅರ್ಥವಾಯಿತು. ಆದರೆ ಆ ಹುಡುಗಿಯನ್ನು ಎಂಜಿನಿಯರಿಂಗಿಗೆ ತಳ್ಳದೆ ನಾವು ಒಳ್ಳೆಯದನ್ನೇ ಮಾಡಿದೆವು ಎಂಬುದು ಪೂರ್ತಿ ಅರ್ಥವಾಯಿತು.

ಸಾಸಿವೆ ಸಿಡಿದ ದಿನ

ಮೂರನೇ ದಿನ ಅವಳಿಗೆ ಬಾಯಿಗೆ ರುಚಿಯಾಗಿ ಏನಾದರೂ ಮಾಡಿಹಾಕೋಣವೆಂದು ರಸಕ್ಕೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕರಿದು ಹೊಗೆ ಎದ್ದದ್ದೇ ತಡ, ಇಡೀ ಕಟ್ಟಡದಲ್ಲಿ ಬೆಂಕಿಯ ಗಂಟೆ ಹೊಡೆದುಕೊಂಡಿತು. ವಿದ್ಯಾರ್ಥಿಗಳೇ ಇರುವ ಕಟ್ಟಡ. ಎಲ್ಲರೂ ಚಪ್ಪಲಿಯನ್ನೂ ಮೆಟ್ಟದೆ ಹುಲ್ಲಿನ ಮೇಲೆ ಬಂದು ನಿಂತರು. ನಾನು ಸೌಟು ಹಿಡಿದುಕೊಂಡೇ ಇಳಿದಿದ್ದೆ. ಒಬ್ಬರಾದರೂ ಬೈಯಲಿಲ್ಲ. ವಾಸನೆ ಚೆನ್ನಾಗಿದೆ ಎಂದರು. ಯಾಳಿನಿ ಕಾವಲುಗಾರನಿಗೆ ಸಮಜಾಯಿಷಿ ಹೇಳಲು ಹೋದಳು.

ಆಗ ಅವಳ ಸಹಪಾಠಿ ಹೆಲೆನ್ ಎಂಬ ಉದ್ದನೆಯ ಹುಡುಗಿ ನನ್ನ ಬಳಿ ಬಂದಳು. ನೀವು ಅವಳ ಮಾಮ ಅಲ್ಲವೇ, ಬಂದದ್ದು ಒಳ್ಳೆಯದಾಯಿತು ಎಂದಳು. ನಮ್ಮೆಲ್ಲರಿಗೂ ತುಂಬ ಬೇಸರವಾಗಿದೆ ಎಂದಳು. ಯಾತಕ್ಕೆ ಎಂದು ಕೇಳಲು ನನ್ನ ರೈಲ್ವೆ ಇಂಗ್ಲಿಷ್ ಸಾಕಾಯಿತು. ಅವಳು ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದಳು. ನಾಲ್ಕನೇ ವರ್ಷಕ್ಕೆ ಹೋಗಲು ಇಂತಿಷ್ಟು ಅಂಕ ಬೇಕು. ಯಾಳಿನಿಗೆ ಅದು ಬರಲಿಲ್ಲ. ಹಾಗಾದವರಿಗೆ ಮೂರು ವರ್ಷದ ಸಾಧಾರಣ ಪದವಿ ಕೊಟ್ಟು ಕಳಿಸಿಬಿಡುತ್ತಾರೆ. ತರಗತಿಯ ಉಳಿದವರೆಲ್ಲ ಮುಂದಿನ ವರ್ಷಕ್ಕೆ ಹೋಗುತ್ತಿದ್ದೇವೆ, ಅವಳೊಬ್ಬಳೇ ಹೊರಡುತ್ತಿದ್ದಾಳೆ ಎಂದಳು.

ಗಂಟೆ ನಿಂತಿತು. ಜನ ಒಳಗೆ ಹೋದರು. ಸೌಟಿನಲ್ಲಿದ್ದ ಸಾಸಿವೆ ನನ್ನ ಅಂಗಿಗೆಲ್ಲ ಅಂಟಿತ್ತು. ದೂರದಲ್ಲಿ ಯಾಳಿನಿ ನಮ್ಮಿಬ್ಬರನ್ನೇ ನೋಡುತ್ತ ನಿಂತಿದ್ದಳು. ನನಗೆ ತಿಳಿದುಹೋಯಿತೆಂದು ಅವಳಿಗೂ ತಿಳಿಯಿತು.

ಆ ಸಂಜೆ ನಾವಿಬ್ಬರೂ ಪಾರ್ಕಿನಲ್ಲಿ ಕೂತೆವು. ಅಲ್ಲಿ ಬೇಸಿಗೆಯ ಸೂರ್ಯ ಮುಳುಗುವುದೇ ಇಲ್ಲ. ದೀಪ ಹಚ್ಚುವ ಹೊತ್ತು ಕಳೆದು ಎಷ್ಟೋ ಹೊತ್ತಾದರೂ ಮರಗಳ ಮೇಲೆ ಬಿಸಿಲು ಬಿದ್ದೇ ಇತ್ತು. ಮುಖ ಮುಚ್ಚಿಕೊಳ್ಳಲು ಕತ್ತಲೆಯಾದರೂ ಬೇಡವೇ? ಇಂಥ ಊರಿನಲ್ಲಿ ದುಃಖಪಡುವುದು ಬಲು ಕಷ್ಟ.

"ಊರಲ್ಲಿ ನಾನೊಬ್ಳೇ ಕೆಟ್ಟಿಕಾರಿ ಮಾಮ," ಅಂದಳು. ಜಾಣೆ ಎನ್ನಲು ನಮ್ಮ ಮನೆಯ ಮಾತು ಅದು. "ಇಲ್ಲಿಗೆ ಬಂದೋರೆಲ್ಲಾ ಅವರವರ ಊರಿನ ಕೆಟ್ಟಿಕಾರರೇ. ಅವ್ರು ಒಂದು ಸಾಲಿಂದ ಇನ್ನೊಂದು ಸಾಲಿಗೆ ಹೋಗ್ತಾನೇ ಇದ್ರು. ನಾ ಒಂದೇ ಸಾಲಲ್ಲಿ ನಿಂತ್ಕೊಂಡು, ಇದು ಏನಕೆ ಹಿಂಗೆ, ಇದು ಏನಕೆ ಹಿಂಗೆ ಅಂತ ಇದ್ದೆ. ತಿರುಗಿ ನೋಡೋ ಅಷ್ಟರಾಗೆ ಪರೀಚ್ಚೆ ಬಂದ್ಬಿಡ್ತು."

ಅರಿಯರ್ ಬರೆಯಬಹುದಲ್ಲ ಎಂದೆ. ಫೇಲಾದ ವಿಷಯವನ್ನು ಮತ್ತೆ ಬರೆಯುವುದಕ್ಕೆ ನಮ್ಮ ಕೊಯಮತ್ತೂರಿನ ಕಾಲೇಜುಗಳಲ್ಲಿ ಹಾಗೆನ್ನುತ್ತಾರೆ. ಅರಿಯರ್ ಬರೆಬರೆದೇ ದೊಡ್ಡ ಎಂಜಿನಿಯರಾದವರನ್ನು ನಾನು ಕಂಡಿದ್ದೇನೆ.

"ಅರಿಯರ್ ಎಲ್ಲಾ ಇಲ್ಲ ಮಾಮ. ಫೇಲಾಗಿದ್ರೆ ಮತ್ತೆ ಬರೆಯಾಕೆ ಬಿಡ್ತಿದ್ರು. ನಾ ಪಾಸಾಗ್ಬಿಟ್ಟೆ."

ಇಷ್ಟು ಕಷ್ಟವಾಗಿದ್ದರೆ ಮೊದಲೇ ಬಿಟ್ಟು ಬರಬಹುದಿತ್ತಲ್ಲ ಕಣ್ಣು ಎಂದೆ, ಚಿಕ್ಕಂದಿನಲ್ಲಿ ಮುದ್ದಿಗೆ ಕರೆಯುತ್ತಿದ್ದ ಹಾಗೆ. ಅವಳು ಅಲ್ಲಿಯವರೆಗೆ ಅತ್ತಿರಲಿಲ್ಲ.

"ಇಷ್ಟ ಇದೆ ಮಾಮ. ಅದೇ ಸಂಕಟ. ಇಷ್ಟ ಇಲ್ದಿದ್ರೆ ಯಾವಾಗ್ಲೋ ಬಿಟ್ಬಿಡ್ತಿದ್ದೆ."

ಒಬ್ಬಾತ ನಾಯಿ ಹಿಡಿದುಕೊಂಡು ಬಂದವನು ಅವಳನ್ನು ಕಂಡು ತಲೆ ತಗ್ಗಿಸಿ ದಾಟಿಹೋದ. ಆಗ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಪದವಿಯ ದಿನ

ಬೆಳಗ್ಗೆ ನಾನು ಸೀರೆ ಕೊಟ್ಟೆ. ಸಂಪ್ರದಾಯದಂತೆ ತಟ್ಟೆಯಲ್ಲಿಟ್ಟು ಕೊಡಬೇಕಿತ್ತು. ತಟ್ಟೆ ಸಿಗದೆ ಬಾಣಲೆಯ ಮುಚ್ಚಳದ ಮೇಲಿಟ್ಟೆ. ಅವಳು ಕಾಲಿಗೆ ಬಿದ್ದಳು. ಚೆನ್ನಾಗಿರು ಎಂದು ಹರಸಿದೆ.

ಸಭಾಂಗಣದಲ್ಲಿ ಕೊಟ್ಟ ಪುಸ್ತಿಕೆಯಲ್ಲಿ ಹೆಸರುಗಳನ್ನು ದರ್ಜೆಯ ಪ್ರಕಾರ ಅಚ್ಚು ಹಾಕಿದ್ದರು. ಯಾಳಿನಿಯ ಹೆಸರು ಕೊನೆಯ ದರ್ಜೆಯ ಕೆಳಗಿತ್ತು. ಸುತ್ತಲೂ ನಾಲ್ಕು ವರ್ಷ ಮುಗಿಸಿದ, ಅವಳಿಗಿಂತ ಒಂದು ವರ್ಷ ಹಿರಿಯರು, ಅವಳಿಗೆ ಪರಿಚಯವೇ ಇಲ್ಲದವರು. ಅವಳ ಹೆಸರು ಕರೆದಾಗ ಮೇಲಿನ ಸಾಲಿನಲ್ಲಿ ಹೆಲೆನ್ ಮತ್ತು ಗೆಳೆಯರು ಎದ್ದು ನಿಂತು ಬೇರೆ ಯಾರಿಗೂ ಇಲ್ಲದಷ್ಟು ಚಪ್ಪಾಳೆ ಹೊಡೆದರು. ಒಳ್ಳೆಯ ಮಕ್ಕಳು. ಅಷ್ಟು ಹೊಡೆಯದಿದ್ದರೆ ಚೆನ್ನಾಗಿತ್ತು.

ಇಂಟರ್‌ನೆಟ್ಟಿನಲ್ಲಿ ನೇರವಾಗಿ ಬರುತ್ತಿದ್ದ ಆ ಕಾರ್ಯಕ್ರಮವನ್ನು ಭಾವನೂ ರುಕ್ಕುವೂ ಮಂಡಿಯಲ್ಲಿ ಟಿವಿ ಕಟ್ಟಿ ಊರವರ ಜೊತೆ ನೋಡಿದರಂತೆ. ಕೂಡಲೇ ಭಾವನ ಫೋನು ಬಂತು. "ಮಚ್ಚಾನ್, ನಮ್ಮ ಪಾಪಾಕೇ ಜಾಸ್ತಿ ಕೈತಟ್ಟಿದ್ದು. ಇಲ್ಲಿ ಎಲ್ಲಾರೂ ನೋಡಿದ್ರು," ಅಂದರು. ನಾನು ಹೌದು ಎಂದೆ.

ಅವಳು ಕೋಣೆ ಖಾಲಿ ಮಾಡಿದಳು. ಪುಸ್ತಕಗಳನ್ನೆಲ್ಲ ಹೆಲೆನ್‌ಗೆ ಕೊಟ್ಟಳು. ಒಂದನ್ನಾದರೂ ಇಟ್ಟುಕೋ ಎಂದು ಬೇಡಿಕೊಂಡೆ. ಭಾರ ಎಂದಳು. ನನ್ನ ಪೆಟ್ಟಿಗೆ ಖಾಲಿಯೇ ಇತ್ತು.

ಮಡತ್ತುಕುಳಂ

ದಾರಿಯುದ್ದಕ್ಕೂ ಅವಳು ಒಂದೇ ಮಾತನ್ನು ತೀರ್ಮಾನಿಸಿಕೊಂಡಿದ್ದಳು. ಮನೆಗೆ ಹೋದಕೂಡಲೇ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ನೀನು ಬಾಯಿ ಹಾಕಬೇಡ ಮಾಮ, ನಾನೇ ಹೇಳುತ್ತೇನೆ ಎಂದಿದ್ದಳು.

ಮಡತ್ತುಕುಳಂ ಬಸ್ ನಿಲ್ದಾಣ ದಾಟುವಾಗ ಕಾರು ತಾನಾಗಿ ನಿಧಾನವಾಯಿತು. ಡ್ರೈವರು ನಗುತ್ತ ತಿರುಗಿ ನೋಡಿದ. ಎದುರಿಗೆ ಅಂಗಡಿ ಸಾಲಿಗಿಂತ ಎತ್ತರದ ಫ್ಲೆಕ್ಸ್. ನಮ್ಮ ಕಡೆ ಕಿವಿ ಚುಚ್ಚುವುದಕ್ಕೂ ಫ್ಲೆಕ್ಸ್, ಸಾವಿಗೂ ಫ್ಲೆಕ್ಸ್. ಇದರಲ್ಲಿ ಯಾಳಿನಿ ಕರಿ ಗೌನು ಹಾಕಿಕೊಂಡು ನಕ್ಷತ್ರಗಳ ನಡುವೆ ನಿಂತಿದ್ದಳು. ಕೆಳಗೆ ತಮಿಳಿನಲ್ಲಿ, ನಾಲ್ಕು ವರ್ಷದ ವಿಜ್ಞಾನವನ್ನು ಮೂರೇ ವರ್ಷದಲ್ಲಿ ಗೆದ್ದ ನಮ್ಮ ಮಣ್ಣಿನ ಮಗಳು ಎಂದು ಬರೆದಿತ್ತು. ಅದರ ಕೆಳಗೆ ನನ್ನ ಫೋಟೋವೂ ಇತ್ತು, ತಾಯಿಮಾಮ ಎಂದು. ಯಾಳಿನಿ ಅದನ್ನು ಪೂರ್ತಿ ಓದಿದಳು. ಹೋಗೋಣ ಅಣ್ಣ ಎಂದು ಡ್ರೈವರಿಗೆ ಹೇಳಿದಳು.

ಬಾಗಿಲಲ್ಲಿ ರುಕ್ಕು ಆರತಿ ಎತ್ತಿದಳು. ಬೂದುಗುಂಬಳಕಾಯಿ ಇಳಿತೆಗೆದು ಬೀದಿಯಲ್ಲಿ ಒಡೆದರು. ಅಂಗಳ ತುಂಬ ಜನ. ಆ ಜನರ ನಡುವೆಯೇ ಯಾಳಿನಿ ಅಪ್ಪನ ಮುಂದೆ ನಿಂತು ಹೇಳಿದಳು.

"ಅಪ್ಪಾ, ನಾ ಜೆಯಿಚ್ಚು ಬಂದಿಲ್ಲ. ಮಾರ್ಕು ಸಾಲ್ದೆ ಅವ್ರೇ ಕಳ್ಸಿದ್ದು. ನಂಗೆ ಮುಂದಕ್ಕೆ ಓದಾಕೆ ಇಲ್ಲ."

ಭಾವ ನನ್ನ ಮುಖ ನೋಡಿದರು. ಆಮೇಲೆ ದೊಡ್ಡದಾಗಿ ನಕ್ಕು ಮಗಳ ತಲೆ ಸವರಿದರು.

"ನೋಡಿದ್ರಾ, ಕಣ್ಣು ಬೀಳ್ತದೆ ಅಂತ ಹಂಗೆ ಹೇಳ್ತಾ ಇದ್ದಾಳೆ. ಅವಳ ಅಜ್ಜಿ ಬುದ್ಧಿ ಅಪ್ಪಡಿಯೇ ಬಂದದೆ."

ಎಲ್ಲರೂ ನಕ್ಕರು. ತಪ್ಪು ಅವರದಲ್ಲ. ನಮ್ಮಲ್ಲಿ ಯಾರೂ ತಮಗೆ ಒಳ್ಳೆಯದಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ಕಾಯಿ ಚೆನ್ನಾಗಿ ಬಿಟ್ಟಿದ್ದರೆ ಈ ವರ್ಷ ಅಷ್ಟಕ್ಕಷ್ಟೇ ಎನ್ನುತ್ತೇವೆ. ಮಗು ದುಂಡಗಿದ್ದರೆ ಏನೂ ತಿನ್ನುವುದಿಲ್ಲ ಎನ್ನುತ್ತೇವೆ. ಸೊಸೆ ಬಂಗಾರದಂಥವಳಾದರೆ ಏನೋ ಇದ್ದಾಳೆ ಎನ್ನುತ್ತೇವೆ. ಸೋತೆ ಎಂದು ನಿಜವಾಗಿ ಹೇಳಬೇಕಾದವಳಿಗೆ ನಮ್ಮ ಊರಿನಲ್ಲಿ ಮಾತೇ ಉಳಿದಿರಲಿಲ್ಲ. ನಾನು ಬಾಯಿ ತೆರೆದೆ. ಇಲ್ಲ ಭಾವ, ಅವಳು ಹೇಳುವುದು ನಿಜ ಎಂದೆ. ಪಕ್ಕದ ಮನೆಯ ಮುದುಕಿ, ಮಾಮನಿಗೂ ಸೊಸೆಯ ಮೇಲೆ ಎಷ್ಟು ಜಾಗ್ರತೆ ನೋಡು ಎಂದು ಮೆಚ್ಚಿಕೊಂಡಳು. ರುಕ್ಕು ಆರತಿಯ ಕೆಂಪು ನೀರನ್ನು ಬೆರಳಿಗೆ ಹಚ್ಚಿಕೊಂಡು ಮಗಳ ಹಣೆಗೆ ಇಟ್ಟಳು. ಯಾಳಿನಿ ಇನ್ನೊಂದು ಸಲ ಹೇಳಲಿಲ್ಲ.

ಮತ್ತೆ ಮಡತ್ತುಕುಳಂ

ಇದು ಪ್ರವಾಸಕ್ಕೆ ಸೇರಿದ್ದಲ್ಲ. ಆದರೂ ಇದನ್ನು ಬರೆಯದೆ ಇಂಗ್ಲೆಂಡಿನ ಕತೆ ಮುಗಿಯುವುದಿಲ್ಲ.

ಯಾಳಿನಿ ಈಗ ಪೀಳಮೇಡಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಡಾಕ್ಟರಾಗಬೇಕಾದ ಮಕ್ಕಳಿಗೆ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಲೆಕ್ಕ ಮಾಡದೆಯೇ ಆರಿಸುವುದು ಹೇಗೆ ಎಂದು. ಇದು ಏನಕೆ ಹಿಂಗೆ ಎಂದು ಯಾವ ಮಗುವಾದರೂ ಕೇಳಿದರೆ ಸಮಯ ಹಾಳು ಮಾಡಬೇಡ ಎನ್ನಬೇಕಂತೆ. ಹಾಗೆ ಹೇಳುವುದನ್ನು ಕಲಿತೆ ಮಾಮ ಎಂದಳು. ಫ್ಲೆಕ್ಸನ್ನು ಮಳೆಗಾಲಕ್ಕೆ ಇಳಿಸಿ, ಮಂಡಿಯ ಅಂಗಳದಲ್ಲಿ ಒಣಗಲು ಹಾಕಿದ ಕೊಬ್ಬರಿಗೆ ಹೊದಿಸಿದ್ದಾರೆ.

ಹೋದ ತಿಂಗಳು ಮಂಡಿಗೆ ಹೋದಾಗ ಭಾವ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಲಾರಿ ನಂಬರು, ಆಳುಗಳ ಫೋನ್ ನಂಬರು ಸೀಮೆಸುಣ್ಣದಲ್ಲಿ ಬರೆದಿಡುವ ಕರಿಗೋಡೆ ಅಲ್ಲಿದೆ. ಅದರ ಒಂದು ಮೂಲೆಯಲ್ಲಿ ಚೌಕ ಎಳೆದಿತ್ತು. ಚೌಕದೊಳಗೆ ಯಾಳಿನಿಯ ಸಣ್ಣ ಅಕ್ಷರದಲ್ಲಿ ಕೆಲವು ಸಾಲು ಲೆಕ್ಕ. ಮೇಲೆ ತಮಿಳಿನಲ್ಲಿ "ಅಳಿಸಬೇಡಿ" ಎಂದಿತ್ತು. ಬಹಳ ದಿನದಿಂದ ಹಾಗೇ ಇದೆ, ಕರಿ ಬಣ್ಣ ಹೊಡೆಯುವವನಿಗೂ ಆ ಜಾಗ ಬಿಟ್ಟು ಹೊಡೆ ಎಂದೆ, ಬಂದವರಿಗೆಲ್ಲ ತೋರಿಸುತ್ತೇನೆ ಎಂದರು ಭಾವ. ಹುಡುಗಿ ಮತ್ತೆ ಶುರುಮಾಡಿದ್ದಾಳೆ ಎಂದುಕೊಂಡೆ. ಯಾವ ಕಾಲೇಜು, ಯಾವ ಡಿಗ್ರಿ ಇದ್ದರೇನು, ಕಾಗದ ಪೆನ್ಸಿಲ್ಲು ಸಾಕು ಎಂದವಳು ಅವಳೇ ತಾನೇ. ಅಂದು ಭಾನುವಾರ, ಅವಳು ಮನೆಯಲ್ಲೇ ಇದ್ದಳು. ಹೋಗಿ ಕರೆತಂದೆ. ಗೋಡೆಯ ಮುಂದೆ ನಿಲ್ಲಿಸಿ, ಇದು ಅದೇ ತಾನೇ, ನಷ್ಟವಾಗದೆ ಉಳಿಯುವುದು ಎಂದು ಕೇಳಿದೆ.

"ಆಮಾ ಮಾಮ, ಅದೇ. ನೆನಪಿದೆಯಾ ನೋಡೋಣ ಅಂತ ಬರೆದೆ." ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿಗೇ ನಿಂತ್ಹೋಯ್ತು. ದಿನಾ ಬಂದು ನೋಡ್ದೆ. ಮುಂದಿನ ಸಾಲು ಬರ್ಲೇ ಇಲ್ಲ."

ಪುಸ್ತಕ ತರಿಸಿ ನೋಡಿಕೋ ಕಣ್ಣು ಎಂದೆ. ಅವಳು ಕೊಬ್ಬರಿ ಒರೆಸುವ ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಿ ತಂದು, ಲೆಕ್ಕವನ್ನು, ಚೌಕವನ್ನು, ಮೇಲಿದ್ದ ಅಕ್ಷರಗಳನ್ನು ಒಂದೊಂದಾಗಿ ಒರೆಸಿದಳು. ಭಾವ ಗಾಬರಿಯಾಗಿ ಯಾಕೆ ಒರೆಸಿದೆ ಎಂದು ಕೇಳಿದರು.

"ಬರೆದೋರೇ ಒರೆಸ್ಬೇಕಪ್ಪಾ," ಅಂದಳು. ಗೋಡೆ ಒಣಗಲಿ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೀಮೆಸುಣ್ಣವನ್ನು ಅಪ್ಪನ ಕೈಗೆ ಕೊಟ್ಟು, ಈ ಜಾಗದಲ್ಲೂ ಲಾರಿ ನಂಬರು ಬರೆದುಕೊಳ್ಳಿ ಎಂದಳು.